ಒಂದೇ ‘ಸೌಂಡ್’, ನಾಲ್ಕು ಬೇರು: ಹಲವು ಅರ್ಥದ ಪದವನ್ನು ಬಿಡಿಸುವುದು ಹೇಗೆ?

‘ಸೌಂಡಿಂಗ್ ರಾಕೆಟ್’ ಎಂಬುದನ್ನು ‘ಶಬ್ದ ರಾಕೆಟ್’ ಎಂದು ಕನ್ನಡಕ್ಕೆ ತರುವವರಿದ್ದಾರೆ. ‘ಸೌಂಡ್ ಸ್ಲೀಪ್’ ಎಂದರೆ ಗೊರಕೆ ಹೊಡೆಯುವ ನಿದ್ದೆ ಎಂದು ನಂಬಿಕೊಂಡ ವಿದ್ಯಾರ್ಥಿಗಳಿದ್ದಾರೆ. ಫೋನಿನ ಅನುವಾದ ಆ್ಯಪ್‌ಗಳು ‘ಸೌಂಡ್ ಅಡ್ವೈಸ್’ ಅನ್ನು ‘ಧ್ವನಿ ಸಲಹೆ’ ಮಾಡಿದರೂ ಆಶ್ಚರ್ಯವಿಲ್ಲ. ಹೀಗೆ ಎಡವುವವರು ನಿಘಂಟು ನೋಡಿಲ್ಲವೆಂದೇನಲ್ಲ. ತೆರೆದಿರುತ್ತಾರೆ, ಮೊದಲ ಅರ್ಥ ಕಂಡ ಕೂಡಲೇ ಮುಚ್ಚಿರುತ್ತಾರೆ. ಇನ್ನು ಕೆಲವರು ಎಲ್ಲ ಅರ್ಥಗಳನ್ನೂ ಓದಿ, ಅವುಗಳ ನಡುವೆ ತಾವೇ ಒಂದು ಸೇತುವೆ ಕಟ್ಟುತ್ತಾರೆ. ಇದು ಹೆಚ್ಚು ಅಪಾಯ, ಏಕೆಂದರೆ ಕಟ್ಟಿದ ಕಥೆ ಚೆನ್ನಾಗಿದ್ದಷ್ಟೂ ತಪ್ಪು ಗಟ್ಟಿಯಾಗುತ್ತದೆ.

ಬರಹದಲ್ಲಿ ಒಂದೇ ಆಗಿ ಕಾಣುವ ‘ಸೌಂಡ್’ ನಿಜದಲ್ಲಿ ನಾಲ್ಕು ಪದ. ಅದನ್ನೇ ಮುಂದಿಟ್ಟುಕೊಂಡು ಬಿಡಿಸುವ ಕ್ರಮ ಇಲ್ಲಿದೆ. ಇದನ್ನು ಒಮ್ಮೆ ಮಾಡಿದರೆ ಬೇರೆ ಪದಗಳಿಗೂ ಕೈ ಪಳಗುತ್ತದೆ.

ಹಂತ 1: ವಾಕ್ಯ ಕೂಡಿಸಿ

ಅರ್ಥಗಳನ್ನು ಬರೆದುಕೊಳ್ಳಬೇಡಿ, ವಾಕ್ಯಗಳನ್ನು ಬರೆದುಕೊಳ್ಳಿ. ಒಂದು ಚೀಟಿಗೆ ಒಂದು ಬಳಕೆ, ಹತ್ತು ಹನ್ನೆರಡು ಚೀಟಿ ಸಾಕು. ‘ಟಿವಿ ಸೌಂಡ್ ಕಡಿಮೆ ಮಾಡು’, ‘ಪಾರ್ಟಿ ಸೌಂಡಾಗಿದೆ, ಸಾಲ ಕೊಡಬಹುದು’, ‘ಸೇಫ್ ಅಂಡ್ ಸೌಂಡ್’, ಉಯಿಲಿನಲ್ಲಿ ಬರುವ ‘ಸೌಂಡ್ ಮೈಂಡ್’, ದೋಣಿಯ ‘ಎಕೋ ಸೌಂಡರ್’, ಸಿಯಾಟಲ್ ಕನ್ನಡಿಗರು ದಿನವೂ ನೋಡುವ ‘ಪ್ಯೂಜೆಟ್ ಸೌಂಡ್’, ಯಾರದೋ ಮನಸ್ಸಿನಲ್ಲಿ ಏನಿದೆ ಎಂದು ಕೆದಕುವ ‘ಸೌಂಡ್ ಔಟ್’. ಕನ್ನಡದ ಮಾತಿನೊಳಗೆ ಬಂದ ಬಳಕೆಗಳನ್ನು ಬಿಡಬಾರದು, ಅವೂ ಸಾಕ್ಷಿಗಳೇ.

ಹಂತ 2: ಸರಿಯಾದ ನಿಘಂಟು ತೆರೆಯಿರಿ

ಜೇಬಿಗೆ ಹಿಡಿಯುವ ನಿಘಂಟು ಈ ಕೆಲಸಕ್ಕೆ ಬಾರದು. ಅದು ಜಾಗ ಉಳಿಸಲು ಎಲ್ಲ ಅರ್ಥಗಳನ್ನೂ ಒಂದೇ ಸಾಲಿಗೆ ತುರುಕಿರುತ್ತದೆ. ಬೇಕಾಗಿರುವುದು ಪದದ ಹುಟ್ಟನ್ನು ಹೇಳುವ ನಿಘಂಟು. 1884ರಲ್ಲಿ ಮೊದಲ ಕಂತು ಬಂದು 1928ರಲ್ಲಿ ಮುಗಿದ ಆಕ್ಸ್‌ಫರ್ಡ್‌ನ ಬೃಹತ್ ನಿಘಂಟು ಈ ಕೆಲಸಕ್ಕೆ ಆಧಾರಗ್ರಂಥ. ಅದು ಕೈಗೆ ಸಿಗದಿದ್ದರೆ ನಿಷ್ಪತ್ತಿ, ಎಂದರೆ ಪದದ ಹುಟ್ಟಿನ ವಿವರ, ಕೊಡುವ ಯಾವುದೇ ಕಾಲೇಜು ನಿಘಂಟು ಆದೀತು. ಪುಟದಲ್ಲಿ ಮೂರು ಗುರುತುಗಳನ್ನು ಹುಡುಕಿ. ಪದದ ಹೆಗಲ ಮೇಲಿನ ಸಣ್ಣ ಅಂಕಿ, ‘ಇದು ಬೇರೆ ಪದ’ ಎಂಬ ಸೂಚನೆ. ನಕ್ಷತ್ರ ಚಿಹ್ನೆ (*) ಇದ್ದರೆ, ಆ ರೂಪ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು. ಕಠಾರಿ ಚಿಹ್ನೆ (†) ಇದ್ದರೆ ಆ ಬಳಕೆ ಸತ್ತಿದೆ.

ಹೆಗಲ ಅಂಕಿಗಳನ್ನು ಎಣಿಸಿ ‘ಇಷ್ಟು ಬೇರು’ ಎಂದು ಹೇಳಿಬಿಡುವುದು ಇಲ್ಲಿ ಆಗುವ ತಪ್ಪು. ಬಹಳಷ್ಟು ನಿಘಂಟುಗಳು ನಾಮಪದಕ್ಕೂ ಕ್ರಿಯಾಪದಕ್ಕೂ ಬೇರೆ ಬೇರೆ ಅಂಕಿ ಕೊಡುತ್ತವೆ, ಹಾಗಾಗಿ ‘ಸೌಂಡ್’ಗೆ ಆರೇಳು ನಮೂದು ಕಂಡರೂ ಕಾಣಬಹುದು. ಪ್ರತಿ ನಮೂದಿನ ನಿಷ್ಪತ್ತಿ ಓದಿ, ಒಂದೇ ಮೂಲ ಹೇಳುವವನ್ನು ಒಟ್ಟಿಗೆ ಕಟ್ಟಿ. ಆಗ ನಾಲ್ಕು ಕಟ್ಟು ಉಳಿಯುತ್ತವೆ: ಸಪ್ಪಳ, ಆರೋಗ್ಯ, ಜಲಸಂಧಿ, ಆಳ ಅಳೆಯುವುದು.

ಹಂತ 3: ಹಳೆಯ ರೂಪಕ್ಕೆ ಹೋಗಿ

ಕೈ ಜಾರುವುದು ಇಲ್ಲೇ. ಈ ಹಂತಕ್ಕೆ ಉಳಿದೆಲ್ಲವಕ್ಕೂ ಸೇರಿ ಕೊಡುವಷ್ಟು ಸಮಯ ಕೊಡಿ. ಇಂದು ಎರಡು ಪದ ಒಂದೇ ತೆರನಾಗಿ ಕೇಳಿಸುತ್ತವೆ ಎಂಬುದು ಏನನ್ನೂ ಸಾಧಿಸುವುದಿಲ್ಲ. ಹಿಂದೆ ಹೇಗೆ ಕೇಳಿಸುತ್ತಿದ್ದವು, ಯಾವ ನಿಯಮದಿಂದ ಬದಲಾದವು ಎಂಬುದನ್ನು ನೋಡಬೇಕು.

ಆರೋಗ್ಯದ ‘ಸೌಂಡ್’ನಿಂದ ಶುರು ಮಾಡುವುದು ಲೇಸು, ಅದರ ದಾರಿ ನೇರ. ಹಳೆಯ ಇಂಗ್ಲಿಷಿನಲ್ಲಿ ಅದರ ಬರಹದ ರೂಪ ‘ಗೆಸುಂಡ್’. ಮುಂದಿನ ‘ಗೆ’ ಕಾಲಕ್ರಮದಲ್ಲಿ ಸವೆದು ಬಿದ್ದುಹೋಯಿತು. ಉಳಿದ ‘ಸುಂಡ್’ನ ಉಕಾರ ದೀರ್ಘವಾಗಿ ‘ಸೂಂಡ್’ ಆಯಿತು. 15ನೇ ಶತಮಾನದಿಂದಾಚೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದಾಗ ಊಕಾರ ಔಕಾರವಾಗಿ ‘ಸೌಂಡ್’ ಬಂತು. ಇದು ಒಂದು ಪದಕ್ಕೆ ಮಾತ್ರ ಆದದ್ದಾಗಿದ್ದರೆ ನಂಬಬೇಕಿರಲಿಲ್ಲ. ‘ಹುಂಡ್’ ಹೌಂಡ್ ಆಯಿತು, ‘ಗ್ರುಂಡ್’ ಗ್ರೌಂಡ್ ಆಯಿತು, ತೂಕದ ‘ಪುಂಡ್’ ಪೌಂಡ್ ಆಯಿತು. ಸಾಲಿಗೆ ಸಾಲೇ ಹೀಗೆ ಹೊರಳಿದರೆ ಮಾತ್ರ ಅದನ್ನು ನಿಯಮವೆನ್ನಬಹುದು. ಜೊತೆಗೆ ಬಂಧುಭಾಷೆ ನೋಡಿ: ಜರ್ಮನ್‌ನಲ್ಲಿ ಆರೋಗ್ಯವಂತನಿಗೆ ಇಂದಿಗೂ ‘ಗೆಜುಂಟ್’ ಎನ್ನುತ್ತಾರೆ, ಇಂಗ್ಲಿಷ್ ಕಳೆದುಕೊಂಡ ‘ಗೆ’ ಅಲ್ಲಿ ಉಳಿದಿದೆ. ಯಾರಾದರೂ ಸೀನಿದಾಗ ಜರ್ಮನ್ನರು ಹೇಳುವ ‘ಗೆಜುಂಟ್‌ಹೈಟ್’ ಎಂದರೆ ‘ಆರೋಗ್ಯ’ ಎಂದೇ.

ಸಪ್ಪಳದ ‘ಸೌಂಡ್’ಗೆ ಇದೇ ನಿಯಮ ಹಾಕಿ ನೋಡಿ, ಹೊಂದುವುದಿಲ್ಲ. ಅದು ಲ್ಯಾಟಿನ್ ‘ಸೊನುಸ್’, ಫ್ರೆಂಚರ ಬಾಯಲ್ಲಿ ‘ಸೊನ್’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಒಳಬಂದ ಫ್ರೆಂಚ್ ಪದಗಳ ಗುಂಪಿನಲ್ಲಿ ಇದೂ ಬಂದು ‘ಸೂನ್’ ಆಯಿತು. ಮೂಲದಲ್ಲಿ ಡಕಾರವೇ ಇಲ್ಲ. ‘ಟೂನ್’ ಟೌನ್ ಆದ ಹಾಗೆ ಇದು ‘ಸೌನ್’ ಆಗಿ ನಿಲ್ಲಬೇಕಿತ್ತು. ಆದರೆ ಸುಮಾರು 14ರಿಂದ 16ನೇ ಶತಮಾನದ ನಡುವೆ ಕೆಲವು ಪದಗಳ ಕೊನೆಯ ನಕಾರಕ್ಕೆ ಒಂದು ಡಕಾರ ಅಂಟಿಕೊಂಡಿತು. ನಾಲಿಗೆ ನಕಾರದ ಜಾಗದಲ್ಲೇ ಇದ್ದು, ಮೂಗಿನ ಉಸಿರು ಮೊದಲೇ ನಿಂತರೆ ತಾನಾಗಿ ಹೊರಡುವ ಸದ್ದು ಅದು. ಕುಟ್ಟು ಎಂಬರ್ಥದ ‘ಪೌಂಡ್’, ಹೊರಟುನಿಂತ ಎಂಬರ್ಥದ ‘ಬೌಂಡ್’, ಎರಡಕ್ಕೂ ಡಕಾರ ಹೀಗೆ ಬಂದದ್ದೇ. ಅಂಟಿಕೊಂಡದ್ದೋ ಮೂಲದ್ದೋ ಎಂದು ತಿಳಿಯಲು ಅದೇ ಮನೆತನದ ಬೇರೆ ಪದ ನೋಡಬೇಕು: ಸೋನಿಕ್, ಸೊನಾಟ, ಯೂನಿಸನ್, ರೆಸೊನೆನ್ಸ್. ಎಲ್ಲೂ ಡಕಾರವಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ ‘ಸೊನುಸ್’ಗೂ ಸಂಸ್ಕೃತದ ‘ಸ್ವನ’ಕ್ಕೂ ಒಂದೇ ತಾಯಿಬೇರು. ನಮ್ಮ ಭಾಷಾವಿಜ್ಞಾನದ ‘ಸ್ವನಿಮ’ (ಅರ್ಥ ಬೇರ್ಪಡಿಸುವ ಕನಿಷ್ಠ ಧ್ವನಿ ಘಟಕ) ಎಂಬ ಪಾರಿಭಾಷಿಕ ಪದ ಈ ‘ಸೌಂಡ್’ಗೆ ದೂರದ ದಾಯಾದಿ. ಆರೋಗ್ಯದ ‘ಸೌಂಡ್’ಗೆ ಅದರೊಂದಿಗೆ ಯಾವ ನಂಟೂ ಇಲ್ಲ.

ಜಲಸಂಧಿಯದು ಉತ್ತರದ ಸಮುದ್ರದಿಂದ ಬಂದದ್ದು. ಸ್ಕ್ಯಾಂಡಿನೇವಿಯದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನ ‘ಸುಂಡ್’ಗೆ ಈಜು ಎಂದೂ ಇಕ್ಕಟ್ಟಾದ ನೀರು ಎಂದೂ ಅರ್ಥ. ‘ಸ್ವಿಮ್’ ಇದರ ಹತ್ತಿರದ ಬಂಧು. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್ ಹೆಸರಿನಲ್ಲಿ ಆ ಪದ ಹಾಗೇ ಇದೆ. 1429ರಿಂದ 1857ರವರೆಗೆ ಡೆನ್ಮಾರ್ಕಿನ ದೊರೆಗಳು ಅಲ್ಲಿ ಹಾದುಹೋಗುವ ಹಡಗುಗಳಿಂದ ಸುಂಕ ಎತ್ತುತ್ತಿದ್ದರು, ಇಂಗ್ಲಿಷಿನಲ್ಲಿ ಅದಕ್ಕೆ ‘ಸೌಂಡ್ ಡ್ಯೂಸ್’. ಇದನ್ನು ‘ಶಬ್ದ ತೆರಿಗೆ’ ಎಂದರೆ ಇತಿಹಾಸವೇ ತಲೆಕೆಳಗು. ಪ್ಯೂಜೆಟ್ ಸೌಂಡ್ 1792ರಲ್ಲಿ ನಾವಿಕ ಜಾರ್ಜ್ ವ್ಯಾಂಕೂವರ್ ತನ್ನ ಅಧಿಕಾರಿ ಪೀಟರ್ ಪ್ಯೂಜೆಟ್ ಹೆಸರಿನಲ್ಲಿ ಕರೆದ ಕಡಲಿನ ಸೀಳು. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೂ ಇಂಗ್ಲಿಷ್ ಮೀನುಗಾರರು ‘ಸೌಂಡ್’ ಎನ್ನುತ್ತಿದ್ದರು. ಈಜಿನ ಅರ್ಥದಿಂದ ಬಂದದ್ದು ಅದು.

ನಾಲ್ಕನೆಯದು ಫ್ರೆಂಚಿನ ‘ಸೊಂದೆ’, ಎಂದರೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ನೀರಿನ ಆಳ ನೋಡುವುದು. ಗುಂಡಿನ ತಳದಲ್ಲೊಂದು ಕುಳಿ, ಅದಕ್ಕೆ ಪ್ರಾಣಿಗಳ ಕೊಬ್ಬು ಮೆತ್ತುತ್ತಿದ್ದರು. ತಳದ ಮರಳೋ ಕೆಸರೋ ಅಂಟಿ ಮೇಲೆ ಬಂದರೆ ಲಂಗರು ಹಿಡಿಯುತ್ತದೋ ಇಲ್ಲವೋ ಗೊತ್ತಾಗುತ್ತಿತ್ತು. ಅಳತೆಯ ಮಾನ ‘ಫ್ಯಾದಮ್’, 6 ಅಡಿ, ಚಾಚಿದ ಎರಡು ತೋಳುಗಳ ಅಳತೆ. ಅದಕ್ಕೆ ಕನ್ನಡದಲ್ಲಿ ‘ಮಾರು’ ಎಂಬ ತಕ್ಕ ಪದವೇ ಇದೆ, ಅನುವಾದಕರು ಅದನ್ನು ಬಳಸಬೇಕು. ಈ ಫ್ರೆಂಚ್ ಪದದ ಹಿಂದಿನ ಮೂಲದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಹಳೆಯ ಇಂಗ್ಲಿಷಿನಲ್ಲೂ ಆಳ ನೋಡುವ ಕೋಲಿಗೆ ‘ಸುಂಡ್‌ಗ್ಯುರ್ಡ್’ ಎಂಬ ಮಾತಿದ್ದುದರಿಂದ, ಮೂರನೆಯ ಮತ್ತು ನಾಲ್ಕನೆಯ ಕಟ್ಟುಗಳು ಬಹಳ ಹಿಂದೆ ಒಂದೇ ಆಗಿದ್ದಿರಬಹುದು. ಇಂಥಲ್ಲಿ ಚೀಟಿಯ ಮೇಲೆ ‘ಸಂದೇಹ’ ಎಂದು ಬರೆದು ಮುಂದೆ ಹೋಗಿ. ಸಂದೇಹವನ್ನು ನಿಶ್ಚಯ ಮಾಡಿ ಬರೆಯುವುದು ನಿಷ್ಪತ್ತಿ ಲೇಖನಗಳ ದೊಡ್ಡ ರೋಗ.

ಸಾಮಾಜಿಕ ಜಾಲತಾಣಗಳಲ್ಲಿ ಓಡಾಡುವ ನಿಷ್ಪತ್ತಿಗಳನ್ನು ಈ ಹಂತದಲ್ಲಿ ಮುಟ್ಟಬೇಡಿ. ‘ಪರ್ಸನ್’ ಎಂದರೆ ಮುಖವಾಡದ ಮೂಲಕ ದನಿ ಹೊರಡಿಸುವವನು, ‘ಪೆರ್’ (ಮೂಲಕ) ಮತ್ತು ‘ಸೊನಾರೆ’ (ದನಿ ಮಾಡು) ಸೇರಿ ಆದದ್ದು ಎಂಬ ಕಥೆ ಬಹಳ ಹಳೆಯದು. ಆದರೆ ಲ್ಯಾಟಿನ್ ‘ಪೆರ್ಸೋನ’ದಲ್ಲಿ ಓಕಾರ ದೀರ್ಘ, ‘ಸೊನಾರೆ’ಯಲ್ಲಿ ಹ್ರಸ್ವ. ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುವ ಕನ್ನಡದವರಿಗೆ ಈ ತಕರಾರಿನ ತೂಕ ಬೇಗ ಗೊತ್ತಾಗಬೇಕು. ‘ಸರೌಂಡ್’ ಕೂಡ ‘ಸೌಂಡ್’ನ ಮನೆಯದಲ್ಲ, ‘ರೌಂಡ್’ನ ಮನೆಯದೂ ಅಲ್ಲ. ಅದು ಲ್ಯಾಟಿನ್ ‘ಸುಪೆರುಂಡಾರೆ’, ನೀರು ಉಕ್ಕಿ ಹರಿಯುವುದು.

ಹಂತ 4: ಪ್ರತಿ ಬೇರಿನ ಕೊಂಬೆಗಳನ್ನು ಜೋಡಿಸಿ

ಬೇರುಗಳು ಬೇರೆಯಾದ ಮೇಲೆ ಅರ್ಥಗಳ ನಡುವೆ ಸೇತುವೆ ಕಟ್ಟಬಹುದು, ಆದರೆ ಒಂದೇ ಕಟ್ಟಿನೊಳಗೆ ಮಾತ್ರ. ಆರೋಗ್ಯದ ಕಟ್ಟಿನ ನಡುಗಂಬ ‘ಊನವಿಲ್ಲದ್ದು’. ಊನವಿಲ್ಲದ ಮೈ, ಬಿರುಕಿಲ್ಲದ ಗೋಡೆ, ತೂತಿಲ್ಲದ ವಾದ, ನಡುವೆ ಕಡಿಯದ ನಿದ್ದೆ. 1872ರ ಭಾರತೀಯ ಕರಾರು ಕಾಯ್ದೆಯ 12ನೇ ಕಲಮು ಹೇಳುವ ‘ಸೌಂಡ್ ಮೈಂಡ್’ ಇದೇ, ಕನ್ನಡದಲ್ಲಿ ‘ಸ್ವಸ್ಥಚಿತ್ತ’. ಹಣಕಾಸು ಗಟ್ಟಿ ಇರುವವನೂ ‘ಸೌಂಡ್’. ನಮ್ಮ ‘ಸೌಂಡ್ ಪಾರ್ಟಿ’ ಬಂದದ್ದು ಇಲ್ಲಿಂದ, ಊರಲ್ಲಿ ಸದ್ದು ಮಾಡುವವನು ಎಂದು ವಿವರಿಸುವುದು ತಪ್ಪು.

ಆಳದ ಕಟ್ಟಿಗೆ ಕನ್ನಡದಲ್ಲೇ ಸರಿಜೋಡಿ ಇದೆ: ‘ಅವನ ಮನಸ್ಸಿನ ಆಳ ನೋಡು’ ಎನ್ನುತ್ತೇವಲ್ಲ, ಅದೇ ‘ಸೌಂಡ್ ಔಟ್’. ತಿಮಿಂಗಿಲ ಆಳಕ್ಕೆ ಮುಳುಗುವುದೂ ‘ಸೌಂಡ್’, ಅಲ್ಲಿ ಅದು ಕೂಗುತ್ತಿಲ್ಲ. ನೀರಿನಿಂದ ಗಾಳಿಗೆ ಬಂದರೆ ಸೌಂಡಿಂಗ್ ರಾಕೆಟ್, ವಾತಾವರಣದ ಮೇಲಿನ ಪದರಗಳನ್ನು ತಡವಿ ಅಳೆಯುವ ರಾಕೆಟ್. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಊರಿನ ಉಡಾವಣಾ ಕೇಂದ್ರದಿಂದ ಹಾರಿದ್ದು ಅಂಥದ್ದೇ. ಅದಕ್ಕೆ ‘ಶೋಧಕ ರಾಕೆಟ್’ ಎಂದರೆ ಕೆಲಸ ನಡೆಯುತ್ತದೆ, ‘ಶಬ್ದ’ ಎಂಬುದನ್ನು ಮಾತ್ರ ತರಬೇಡಿ. ಹವಾಮಾನ ಇಲಾಖೆ ಬಲೂನಿಗೆ ಕಟ್ಟಿ ಮೇಲೆ ಬಿಡುವ ‘ರೇಡಿಯೊಸೋಂಡ್’ನ ಬಾಲದಲ್ಲಿರುವುದೂ ಇದೇ ಫ್ರೆಂಚ್ ಪದ.

ಹಂತ 5: ಎರಡು ಬೇರು ತೊಡಕುವ ಜಾಗ

‘ಎಕೋ ಸೌಂಡರ್’ನಲ್ಲಿ ಸಾಧನ ಸಪ್ಪಳ, ಉದ್ದೇಶ ಆಳ. ಉಪಕರಣ ಕೆಳಕ್ಕೆ ಕಳಿಸಿದ ನಾದ ತಳಕ್ಕೆ ತಾಗಿ ಮರಳುವ ಹೊತ್ತನ್ನು ಎಣಿಸುತ್ತದೆ. ಸಮುದ್ರದ ನೀರಿನಲ್ಲಿ ನಾದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಹೋಗಿಬರಲು 2 ಸೆಕೆಂಡ್ ಹಿಡಿದರೆ ಆಳ 1500 ಮೀಟರ್. ಆದರೂ ಹೆಸರಿನ ‘ಸೌಂಡರ್’ ಬಂದದ್ದು ನಾಲ್ಕನೆಯ ಬೇರಿನಿಂದ. ಸಪ್ಪಳದ ಭಾಗವನ್ನು ‘ಎಕೋ’ ಹೊತ್ತುಕೊಂಡಿದೆ. ‘ಸೌಂಡಿಂಗ್ ಬೋರ್ಡ್’ ಇದಕ್ಕೆ ತಿರುಗಾಮುರುಗಾ. ಅಭಿಪ್ರಾಯ ಕೇಳಲು ಮೊದಲು ಯಾರ ಮುಂದೆ ಮಾತಿಡುತ್ತೇವೋ ಅವರಿಗೆ ಈ ಹೆಸರು, ಹಾಗಾಗಿ ಆಳದ ಕಟ್ಟಿಗೆ ಸೇರಿಸಲು ಆಸೆಯಾಗುತ್ತದೆ. ಮೂಲದಲ್ಲಿ ಅದು ಚರ್ಚಿನ ಪ್ರವಚನ ಪೀಠದ ಮೇಲೆ, ದನಿ ಜನರತ್ತ ಮರಳಲೆಂದು ಕಟ್ಟಿದ ಹಲಗೆ. ಸಪ್ಪಳದ ಕಟ್ಟಿಗೇ ಹಾಕಿ.

ಹಂತ 6: ಕನ್ನಡದಲ್ಲಿ ಮಾಡಿ ನೋಡಿ

‘ಅರಿ’ ತೆಗೆದುಕೊಳ್ಳಿ. ತಿಳಿ, ಕತ್ತರಿಸು, ಶತ್ರು. ಮೂರನೆಯದು ಸಂಸ್ಕೃತದ್ದು, ಪಕ್ಕಕ್ಕಿಡಿ. ಮೊದಲೆರಡಕ್ಕೆ ‘ಕತ್ತರಿಸಿ ನೋಡಿದರೆ ತಿಳಿಯುತ್ತದೆ’ ಎಂದು ಕಥೆ ಹೊಸೆಯುವ ಮುನ್ನ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ತೆರೆಯಿರಿ. ತಿಳಿ ಎಂಬುದು ಹಳಗನ್ನಡದಲ್ಲಿ ‘ಅಱಿ’, ಕತ್ತರಿಸು ಎಂಬುದು ‘ಅರಿ’. ಶಕಟರೇಫ, ಎಂದರೆ ‘ಱ’ ಅಕ್ಷರ, ಬಿದ್ದುಹೋಗಿ ಎರಡೂ ಒಂದಾದವು. ‘ಬಾಳು’ ಕೂಡ ಹಾಗೆಯೇ: ಬದುಕುವುದು ‘ಬಾೞ್’, ಕತ್ತಿ ‘ಬಾಳ್’. ಬಂಧುಭಾಷೆಯ ಸಾಕ್ಷಿ ಬೇಕಾದರೆ ತಮಿಳು ನೋಡಿ, ಈ ಎರಡು ಜೋಡಿಗಳನ್ನೂ ಅದು ಇಂದಿಗೂ ಬೇರೆ ಬೇರೆ ಅಕ್ಷರದಲ್ಲಿ ಬರೆಯುತ್ತದೆ.

ಹೋಲಿಕೆಗೆ ‘ತಲೆ’ಯನ್ನೂ ಬಿಡಿಸಿ. ತಲೆಬಾಗಿಲು, ತಲೆಮಾರು, ತಲೆಬರಹ, ‘ತಲೆಗೆ ಹತ್ತು ರೂಪಾಯಿ’, ಎಷ್ಟು ಹಿಂದಕ್ಕೆ ಹೋದರೂ ಇಲ್ಲಿ ಸಿಗುವುದು ಒಂದೇ ಬೇರು. ಎರಡು ಬಗೆಯನ್ನೂ ಒಂದೇ ದಿನ ಮಾಡಿದರೆ ವ್ಯತ್ಯಾಸ ಮನಸ್ಸಿಗೆ ಹತ್ತುತ್ತದೆ. ಆಮೇಲೆ ‘ಹತ್ತು’ ಎಂಬುದನ್ನೇ ಚೀಟಿಗೆ ಏರಿಸಿ: ಸಂಖ್ಯೆ, ಮೇಲೇರು, ಉರಿಯಲು ತೊಡಗು, ತಾಗು. ಹಳಗನ್ನಡದ ‘ಪತ್ತು’ವಿನಿಂದ ಶುರು ಮಾಡಿ.