ದಪ್ಪಗಿದ್ದೀರಾ? ಕ್ರೂಸ್ ಬುಕ್ ಮಾಡುವ ಮೊದಲು ಟೇಪು ಹಿಡಿಯಿರಿ

ಕ್ರೂಸ್ ಕಂಪನಿಗಳ ಜಾಹೀರಾತು ನೋಡಿ, ಅದರಲ್ಲಿ ಒಬ್ಬರಾದರೂ ದಪ್ಪಗಿರುವವರು ಇರುತ್ತಾರಾ? ಇರಲ್ಲ. ಎಲ್ಲರೂ ತೆಳ್ಳಗೆ, ಬಿಳಿ ಬಟ್ಟೆ ಹಾಕಿಕೊಂಡು, ಕಂಬಿಗೆ ಒರಗಿ ಸಮುದ್ರ ನೋಡುತ್ತಿರುತ್ತಾರೆ. ನೂರು ಕೆಜಿ ದಾಟಿದ ನಮ್ಮಂಥವರಿಗೆ ಟಿಕೆಟ್ ರೇಟಿಗಿಂತ ಮೊದಲು ಬೇರೆಯೇ ಪ್ರಶ್ನೆಗಳು ಬರುತ್ತವೆ. ಕುರ್ಚಿಯಲ್ಲಿ ಹಿಡಿಸುತ್ತೇನಾ? ಬಾತ್‌ರೂಮಿನಲ್ಲಿ ತಿರುಗೋಕೆ ಜಾಗ ಇರುತ್ತಾ? ಲೈಫ್ ಜಾಕೆಟ್ ಬಕಲ್ ಹಾಕೋಕೆ ಬರುತ್ತಾ? ಏಜೆಂಟರನ್ನು ಕೇಳೋಕೆ ನಾಚಿಕೆ. ಕೇಳಿದರೂ ಅವರು "ಏನೂ ತೊಂದ್ರೆ ಆಗಲ್ಲ ಸರ್, ಫುಲ್ ಲಕ್ಷುರಿ" ಅಂದು ಫೋನ್ ಇಟ್ಟುಬಿಡುತ್ತಾರೆ.

ನನ್ನನ್ನು ಕೇಳಿದರೆ, ದಪ್ಪಗಿರುವವರಿಗೆ ಕ್ರೂಸ್‌ನಷ್ಟು ಅನುಕೂಲದ ಪ್ರವಾಸ ಇನ್ನೊಂದಿಲ್ಲ. ದಿನಕ್ಕೊಂದು ಹೋಟೆಲ್ ಇಲ್ಲ, ದಿನಾ ಬೆಳಿಗ್ಗೆ ಪೆಟ್ಟಿಗೆ ತುಂಬೋದಿಲ್ಲ, ಟೆಂಪೊ ಟ್ರಾವೆಲರ್‌ನ ಹಿಂದಿನ ಸೀಟಿನಲ್ಲಿ ಪಕ್ಕದವರಿಗೆ ಸಾರಿ ಹೇಳುತ್ತಾ ಎಂಟು ಗಂಟೆ ಕೂರೋದಿಲ್ಲ. ಮಹಡಿ ಹತ್ತೋಕೆ ಲಿಫ್ಟ್ ಇದೆ, ಸುಸ್ತಾದರೆ ಸೋಫಾ ಇದೆ. ಆದರೆ ಹಡಗು ಅಂದ ಮೇಲೆ ಜಾಗವನ್ನು ಅಳೆದು ಅಳೆದು ಕೊಟ್ಟಿರುತ್ತಾರೆ. ಅದಕ್ಕೇ ಯಾರನ್ನೂ "ಆರಾಮಾಗಿರುತ್ತಾ" ಅಂತ ಕೇಳಬೇಡಿ, "ಎಷ್ಟು ಸೆಂಟಿಮೀಟರ್ ಇದೆ" ಅಂತ ಕೇಳಿ. ಮೊದಲನೆಯದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ ಯಾರಾದರೂ ಎದ್ದು ಹೋಗಿ ಅಳೆಯಲೇಬೇಕು.

ಮೊದಲು ನಿಮ್ಮ ಅಳತೆ

ಮನೆಯಲ್ಲಿ ಟೈಲರ್ ಟೇಪು ಇರುತ್ತದೆ, ಇಲ್ಲದಿದ್ದರೆ ಪಕ್ಕದ ಮನೆಯಿಂದ ತನ್ನಿ. ಬೇಕಾದ ಅಳತೆ ನಾಲ್ಕೇ: ತೂಕ, ಎದೆಯ ಸುತ್ತಳತೆ, ನಿಂತಾಗ ಮೈಯ ಅತಿ ಅಗಲದ ಜಾಗ, ಕೂತಾಗ ಸೊಂಟದ ಅಗಲ. ಕೊನೆಯದೇ ಮುಖ್ಯ. ನಿಂತಾಗ ಅಳೆದರೆ ಅದು ಸುಳ್ಳು ಲೆಕ್ಕ, ಕೂತ ಕೂಡಲೇ ತೊಡೆ ಹರಡಿಕೊಳ್ಳುತ್ತದಲ್ವಾ. ಗಟ್ಟಿ ಬೆಂಚಿನ ಮೇಲೆ ಕೂತು, ಎರಡೂ ಪಕ್ಕಕ್ಕೆ ದಪ್ಪ ಪುಸ್ತಕವೊಂದೊಂದನ್ನು ನೆಟ್ಟಗೆ ನಿಲ್ಲಿಸಿ ಸೊಂಟಕ್ಕೆ ತಾಗಿಸಿ, ಆಮೇಲೆ ಹುಷಾರಾಗಿ ಎದ್ದು ಪುಸ್ತಕಗಳ ನಡುವಿನ ಜಾಗ ಅಳೆಯಿರಿ. ಅದಕ್ಕೆ ಒಂದೆರಡು ಇಂಚು ಸೇರಿಸಿ. ಅಷ್ಟು ಅಗಲ ಇಲ್ಲದ, ಎರಡೂ ಕಡೆ ಕೈ ಇರುವ ಕುರ್ಚಿ ನಿಮ್ಮದಲ್ಲ, ಅದರಲ್ಲಿ ಕೂತು ನೋಡೋ ಸಾಹಸವೂ ಬೇಡ. ಈ ನಾಲ್ಕೂ ಅಳತೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಹಡಗು ಯಾವುದು, ಯಾವ ವರ್ಷದ್ದು

ನಮ್ಮ ಕಡೆಯವರಿಗೆ ಸುಲಭದ ದಾರಿ ಎರಡು. ಒಂದು, ಮುಂಬೈಗೆ ಹೋಗಿ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಹತ್ತಿ ಗೋವಾ, ಕೊಚ್ಚಿ, ಲಕ್ಷದ್ವೀಪ ಅಂತ ಸುತ್ತುವುದು. ಇನ್ನೊಂದು, ಬೆಂಗಳೂರಿಂದ ಸಿಂಗಪುರಕ್ಕೆ ಹಾರಿ ಅಲ್ಲಿಂದ ದೊಡ್ಡ ಹಡಗು ಹಿಡಿಯುವುದು. ಬೆಲೆಯ ವ್ಯತ್ಯಾಸ ಎಲ್ಲರಿಗೂ ಗೊತ್ತು. ನಾವು ನೋಡಬೇಕಾದ್ದು ಹಡಗಿನ ವಯಸ್ಸು. ಎಂಪ್ರೆಸ್ ಕಟ್ಟಿದ್ದು ಫ್ರಾನ್ಸಿನಲ್ಲಿ, 1990ರಲ್ಲಿ, ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಭಾರತದಲ್ಲಿ ಓಡೋಕೆ ಶುರುವಾಗಿದ್ದು 2021ರಲ್ಲಿ. 1990ರ ಕಾಲದ ಹಡಗುಗಳಲ್ಲಿ ಕ್ಯಾಬಿನ್ ಅಂದರೆ ಮಲಗೋಕಷ್ಟೇ ಅನ್ನುವ ಲೆಕ್ಕಾಚಾರ, ಅದಕ್ಕೇ ಕೋಣೆಗಳು ಚಿಕ್ಕವು. ಸಿಂಗಪುರಕ್ಕೆ ಬಂದುಹೋಗಿರುವ ರಾಯಲ್ ಕೆರಿಬಿಯನ್ ಕಂಪನಿಯ ಆಂಥೆಮ್ (2015), ಓವೇಶನ್ (2016) ಹಡಗುಗಳಲ್ಲಿ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ನೇ ಸುಮಾರು 166 ಚದರ ಅಡಿ. ಹಳೆಯದು ಬೇಡವೇ ಬೇಡ ಅಂತಲ್ಲ. ಎರಡು ರಾತ್ರಿಯ ಗೋವಾ ಟ್ರಿಪ್ಪಿಗೆ ಅಷ್ಟೊಂದು ಲೆಕ್ಕ ಹಾಕಬೇಕಾಗಿಲ್ಲ. ಐದು ರಾತ್ರಿ ಅಂದಾಗ ಮಾತು ಬೇರೆ.

ದೊಡ್ಡ ಹಡಗಿಗೂ ಒಂದು ತಾಪತ್ರಯ ಇದೆ: ನಡಿಗೆ. ಆಂಥೆಮ್ ಉದ್ದ 348 ಮೀಟರ್. ಕ್ಯಾಬಿನ್ ಹಿಂತುದಿಯಲ್ಲಿ, ಥಿಯೇಟರ್ ಮುಂತುದಿಯಲ್ಲಿ ಇದ್ದರೆ ಹೋಗಿ ಬರೋದರಲ್ಲೇ ಅರ್ಧ ಕಿಲೋಮೀಟರ್ ದಾಟುತ್ತದೆ. ಬುಕ್ ಮಾಡುವಾಗಲೇ ಡೆಕ್ ನಕ್ಷೆ ತೆಗೆದು, ಲಿಫ್ಟಿಗೆ ಹತ್ತಿರದ ಕ್ಯಾಬಿನ್ ಆರಿಸಿ. ಲಿಫ್ಟಿನ ಎದುರಿನದೇ ಬೇಡ, ರಾತ್ರಿಯೆಲ್ಲಾ ಗಲಾಟೆ. ನಡುಭಾಗದಲ್ಲಿದ್ದರೆ ಹೊಯ್ದಾಟವೂ ಕಡಿಮೆ. ತೊಡೆ ಉಜ್ಜಿ ಚರ್ಮ ಕಿತ್ತುಬರುವ ಕಷ್ಟ ಇರುವವರು ವ್ಯಾಸಲೀನ್ ಮತ್ತು ಸೈಕ್ಲಿಂಗ್ ಚಡ್ಡಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಉಪ್ಪುಗಾಳಿ, ಬೆವರು, ನಡಿಗೆ ಮೂರೂ ಸೇರಿದರೆ ಒಂದೇ ದಿನಕ್ಕೆ ಸಾಕು ಸಾಕಾಗುತ್ತದೆ.

ಬಾಗಿಲು, ಬಾತ್‌ರೂಮು, ಹಾಸಿಗೆ

ಮಾಮೂಲಿ ಕ್ಯಾಬಿನ್ನಿನ ಬಾಗಿಲು ಎಷ್ಟೋ ಹಡಗುಗಳಲ್ಲಿ 22-23 ಇಂಚು, ಅಂದರೆ 56-58 ಸೆಂ.ಮೀ. ಅಷ್ಟೇ. ಬಾತ್‌ರೂಮಿನದು ಇನ್ನೂ ಕಡಿಮೆ ಇರಬಹುದು, ಜೊತೆಗೆ ನೀರು ಹೊರಗೆ ಬರದಿರಲಿ ಅಂತ ಎತ್ತರದ ಹೊಸ್ತಿಲು ಬೇರೆ. ಒಳಗೆ ಒಂದು ಹೆಜ್ಜೆಯಲ್ಲಿ ಕಮೋಡ್, ಇನ್ನೊಂದು ಹೆಜ್ಜೆಯಲ್ಲಿ ಶವರ್. ಕೇಳಬೇಕಾದ್ದು ಮೂರು: ಬಾಗಿಲಿನ ಅಗಲ ಎಷ್ಟು, ಶವರ್ ಜಾಗದ ಉದ್ದಗಲ ಎಷ್ಟು, ಶವರಿಗೆ ಪರದೆಯೋ ಗಾಜಿನ ಬಾಗಿಲೋ. ಜಾಗ ಚಿಕ್ಕದಾಗಿದ್ದರೆ ಪರದೆ ಮೈಗೆ ಅಂಟಿಕೊಂಡು ಕಿರಿಕಿರಿ ಮಾಡುತ್ತದೆ. ಆದರೂ ಗಾಜಿನ ಗೂಡಿಗಿಂತ ನನಗೆ ಪರದೆಯೇ ವಾಸಿ, ಯಾಕೆಂದರೆ ಅದು ಮೊಣಕೈಗೆ ದಾರಿ ಬಿಡುತ್ತದೆ. ಗಾಜು ಬಿಡಲ್ಲ. ಎರಡೂ ಆಗಿಬರಲಿಲ್ಲವಾ, ಸ್ಪಾ ಅಥವಾ ಜಿಮ್ ಪಕ್ಕದ ಬಟ್ಟೆ ಬದಲಿಸುವ ಕೋಣೆಯಲ್ಲಿ ಸಾಮಾನ್ಯವಾಗಿ ಶವರ್ ಇರುತ್ತದೆ, ಸುಮ್ನೆ ಹೋಗಿ ನೋಡಿಕೊಂಡು ಬನ್ನಿ.

ಕಮೋಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ಹಡಗಿನ ಕಮೋಡ್ ನಿರ್ವಾತದಿಂದ ಎಳೆದುಕೊಳ್ಳುವಂಥದ್ದು, ವಿಮಾನದಲ್ಲಿ ಇರುತ್ತದಲ್ಲ ಹಾಗೆ. ಕೂತಿರುವಾಗಲೇ ಬಟನ್ ಒತ್ತಬೇಡಿ. ಎದ್ದು, ಮುಚ್ಚಳ ಹಾಕಿ, ಆಮೇಲೆ ಒತ್ತಿ. ಸೀಟನ್ನು ಪೂರ್ತಿ ಮುಚ್ಚಿ ಕೂರುವ ಮೈ ನಮ್ಮದು, ಅದು ಎಳೆಯುವ ಜೋರು ತಮಾಷೆಯಲ್ಲ.

ಇನ್ನು ವೀಲ್‌ಚೇರ್ ಬಳಸುವವರಿಗೆಂದೇ ಮಾಡಿದ ಕ್ಯಾಬಿನ್‌ಗಳು. ಅವುಗಳ ಬಾಗಿಲು 32 ಇಂಚಿನಷ್ಟು ಅಗಲ, ಬಾತ್‌ರೂಮಿಗೆ ಹೊಸ್ತಿಲಿಲ್ಲ, ಗೋಡೆಗೆ ಹಿಡಿಕೆ, ಶವರಿನಲ್ಲಿ ಕೂರೋಕೆ ಮಡಚುವ ಸೀಟು. ನೋಡಿದರೆ ಆಸೆಯಾಗುತ್ತದೆ, ನಿಜ. ಮಂಡಿ ನೋವು, ನಡೆಯೋಕೆ ಕಷ್ಟ, ಹೊಸ್ತಿಲು ದಾಟೋಕೆ ಆಗಲ್ಲ ಅನ್ನುವವರು ಸಂಕೋಚವಿಲ್ಲದೆ ಕೇಳಿ, ಅದು ನಿಮಗೂ ಇರುವುದೇ. ಆದರೆ ಬರೀ ಜಾಗ ಜಾಸ್ತಿ ಅಂತ ಹಿಡಿದಿಡುವುದು ಸರಿಯಲ್ಲ, ಅಂಥ ಕ್ಯಾಬಿನ್ ಇರೋದೇ ಕೆಲವು. ಅಗತ್ಯ ಏನು ಅಂತ ಬರೆದುಕೊಡಿ ಎಂದು ಕಂಪನಿಗಳೂ ಕೇಳುತ್ತವೆ.

ಹಾಸಿಗೆ ವಿಷಯ ಬೇಗ ಮುಗಿಯುತ್ತದೆ. ಎರಡು ಸಿಂಗಲ್ ಹಾಸಿಗೆ ಜೋಡಿಸಿದರೆ ಡಬಲ್ ಆಗುವ ಕ್ಯಾಬಿನ್‌ಗಳೇ ಜಾಸ್ತಿ, ಹೇಗೆ ಬೇಕೆಂದು ಮೊದಲೇ ಹೇಳಿ. ಗೋಡೆಯಿಂದ ಇಳಿಸುವ ಮೇಲಿನ ಬರ್ತ್ ನಮಗಲ್ಲ. ದುಡ್ಡು ಉಳಿಯುತ್ತದೆ ಅಂತ ನಾಲ್ಕು ಜನ ಒಂದೇ ಕ್ಯಾಬಿನ್ನಿಗೆ ತುಂಬಿಕೊಂಡರೆ ಮಾತ್ರ, ಒಬ್ಬರು ನಿಂತರೆ ಉಳಿದವರು ಮಂಚ ಹತ್ತಬೇಕು, ಹಾಗಾಗುತ್ತದೆ.

ಕುರ್ಚಿ ಕೇಳುವ ಬಗೆ

ಮದುವೆ ಛತ್ರದಲ್ಲಿ ನಾವೇನು ಮಾಡುತ್ತೇವೆ? ಎರಡು ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು ಹಾಕಿಕೊಂಡು ಕೂರುತ್ತೇವೆ, ಯಾರೂ ಏನೂ ಅನ್ನಲ್ಲ. ಹಡಗಿನ ಊಟದ ಹಾಲಿನಲ್ಲೂ ಅಷ್ಟೇ ನಿರಾಳವಾಗಿ ಇರಬಹುದು, ಕೇಳುವ ಹೊತ್ತು ಮಾತ್ರ ಸರಿಯಾಗಿರಬೇಕು.

ರಾತ್ರಿ ಊಟಕ್ಕೆ ಎಲ್ಲರೂ ಮುಗಿಬೀಳುವ ಮುಂಚೆ, ಹತ್ತಿದ ದಿನ ಮಧ್ಯಾಹ್ನವೇ ಹಾಲಿಗೆ ಹೋಗಿ. ಅಲ್ಲಿನ ಮೇಲ್ವಿಚಾರಕರಿಗೆ ಮೇತ್ರ ಡಿ ಅನ್ನುತ್ತಾರೆ. "ನನಗೆ ಕೈ ಇಲ್ಲದ ಕುರ್ಚಿ ಬೇಕು, ದಿನಾ ಬೇಕು, ಟೇಬಲ್ ಗೋಡೆಗೆ ಒತ್ತಿಕೊಂಡಿರಬಾರದು" ಅಂತ ನೇರವಾಗಿ ಹೇಳಿ. ಅವರು ಬರೆದುಕೊಳ್ಳುತ್ತಾರೆ. ಹಡಗಿನವರಿಗೆ ಇದು ಹೊಸ ಬೇಡಿಕೆಯೇನಲ್ಲ. ದಿನಾ ಒಂದೇ ಟೇಬಲ್ ಕೊಡುವ ಊಟದ ಪದ್ಧತಿ ಇದ್ದರೆ ಅದನ್ನೇ ಆರಿಸಿ, ಆಗ ನಿಮ್ಮ ಕುರ್ಚಿ ದಿನಾ ನಿಮಗಾಗಿ ಕಾದಿರುತ್ತದೆ, ಪ್ರತಿ ರಾತ್ರಿ ಹೊಸ ವೇಟರನಿಗೆ ಹೊಸದಾಗಿ ಹೇಳುವ ಕೆಲಸ ತಪ್ಪುತ್ತದೆ. ಟೇಬಲ್ಲೂ ಬೆಂಚೂ ನೆಲಕ್ಕೆ ಬಿಗಿದಿರುವ ಬೂತುಗಳಿಗೆ ಹೋಗಲೇಬೇಡಿ. ಹೊಟ್ಟೆಗೂ ಟೇಬಲ್ಲಿಗೂ ನಡುವೆ ತಟ್ಟೆ ಎಲ್ಲಿಡುತ್ತೀರಿ? ಬಫೆಯಲ್ಲಿ ಕಿಟಕಿ ಪಕ್ಕದ ಜಾಗ ಚೆಂದ, ಆದರೆ ಅಲ್ಲಿ ಕುರ್ಚಿಗಳು ಇಕ್ಕಟ್ಟು. ಮಧ್ಯದ ದಾರಿ ಪಕ್ಕ ಕೂತರೆ ಏಳುವಾಗ ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಥಿಯೇಟರಿನ ಸೀಟುಗಳಿಗೆ ಕೈಗಳಿದ್ದರೆ ಅವನ್ನು ತೆಗೆಯೋಕೆ ಬರಲ್ಲ. ಷೋಗೆ ಇಪ್ಪತ್ತು ನಿಮಿಷ ಮುಂಚೆ ಹೋಗಿ ಸಾಲಿನ ತುದಿ ಹಿಡಿಯಿರಿ, ಅಥವಾ ಬೆಂಚು, ಬಿಡಿ ಕುರ್ಚಿ ಎಲ್ಲಿವೆ ಅಂತ ಬಾಗಿಲಲ್ಲಿ ನಿಂತವರನ್ನು ಕೇಳಿ. ವೀಲ್‌ಚೇರಿನವರಿಗೆ ಬಿಟ್ಟ ಜಾಗದ ಪಕ್ಕ, ಅವರ ಜೊತೆಗಾರರಿಗೆಂದು ಬಿಡಿ ಕುರ್ಚಿ ಇಟ್ಟಿರುವುದುಂಟು. ಅವು ಖಾಲಿ ಉಳಿದರೆ ಸಿಗಬಹುದು, ಮೊದಲೇ ಹೋಗಿ ಕೂರಬೇಡಿ.

ಈಜುಕೊಳದ ಪಕ್ಕ ಒರಗೋ ಕುರ್ಚಿಗಳಿರುತ್ತವಲ್ಲ, ಬಟ್ಟೆಯದೋ ಪ್ಲಾಸ್ಟಿಕ್ ಪಟ್ಟಿಯದೋ, ಅವುಗಳ ಮೇಲೆ ದೊಪ್ಪನೆ ಕೂರಬೇಡಿ. ಮೊದಲು ಕೈಯಿಂದ ನಡುಭಾಗ ಒತ್ತಿ ನೋಡಿ, ಕಾಲುಗಳು ಅಗಲಕ್ಕೆ ಜಾರುತ್ತವಾ ಗಮನಿಸಿ. ಆಮೇಲೆ ತುದಿಯಲ್ಲಲ್ಲ, ನಡುವೆ ಕೂತು ಹಿಂದಕ್ಕೆ ಸರಿಯಿರಿ. ತುದಿಯಲ್ಲಿ ಕೂತರೆ ಇನ್ನೊಂದು ತುದಿ ಮೇಲೇಳುತ್ತದೆ. ಬಾಲ್ಕನಿ ಕುರ್ಚಿ ಚಿಕ್ಕದಾಗಿದ್ದರೆ ನಿಮ್ಮ ಕೋಣೆ ನೋಡಿಕೊಳ್ಳುವ ಕ್ಯಾಬಿನ್ ಸ್ಟುವರ್ಡ್‌ಗೆ ಹೇಳಿ, ಬದಲಿಸಿ ಕೊಡೋಕೆ ನೋಡುತ್ತಾರೆ. ಬಾತ್‌ರೋಬ್ ದೊಡ್ಡ ಸೈಜಿಂದು ಬೇಕು ಅಂತ ಅದೇ ಉಸಿರಿನಲ್ಲಿ ಕೇಳಿಬಿಡಿ.

ಲೈಫ್ ಜಾಕೆಟ್: ಇಲ್ಲಿ ನಾಚಿಕೆ ಬೇಡವೇ ಬೇಡ

ಸೊಲಾಸ್ ಅಂತ ಅಂತಾರಾಷ್ಟ್ರೀಯ ಹಡಗು ಸುರಕ್ಷತೆಯ ಒಪ್ಪಂದ ಇದೆ. 2010ರ ಜುಲೈ 1ರಿಂದ ಅದರಲ್ಲಿ ನಮಗೆಂದೇ ಬರೆದಂತಿರುವ ಒಂದು ನಿಯಮ ಸೇರಿದೆ. 140 ಕೆಜಿ ತೂಕ, 175 ಸೆಂ.ಮೀ. ಎದೆ ಸುತ್ತಳತೆಯವರೆಗಿನವರಿಗೆ ವಯಸ್ಕರ ಲೈಫ್ ಜಾಕೆಟ್ ಆಗಬೇಕು. ಆಗದಿದ್ದರೆ ಅದನ್ನು ಅವರ ಮೈಗೆ ಭದ್ರವಾಗಿ ಕಟ್ಟೋಕೆ ಬೇಕಾದ ಹೆಚ್ಚುವರಿ ಪಟ್ಟಿಯಂಥ ಸಾಮಾನು ಹಡಗಿನಲ್ಲಿ ಸಾಕಷ್ಟು ಇರಲೇಬೇಕು. ಅಂದರೆ ನೀವು ಕೇಳುತ್ತಿರುವುದು ಉಪಕಾರವಲ್ಲ, ಅವರು ಇಟ್ಟುಕೊಂಡಿರಬೇಕಾದ ವಸ್ತು.

2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಇಟಲಿಯ ತೀರದಲ್ಲಿ ಮಗುಚಿದ ಮೇಲೆ ನಿಯಮ ಬಿಗಿಯಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಸ್ಟರ್ ಡ್ರಿಲ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅನ್ನುವ ತಾಲೀಮು, ಆಗಲೇಬೇಕು. ಈಗ ಎಷ್ಟೋ ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ, ಹೇಳಿದ ಜಾಗಕ್ಕೆ ಹೋಗಿ ಮುಖ ತೋರಿಸಿ ಬಂದರೆ ಡ್ರಿಲ್ ಮುಗಿಯಿತು, ಯಾರೂ ನಿಮಗೆ ಜಾಕೆಟ್ ತೊಡಿಸಿ ನೋಡಲ್ಲ. ನೀವೇ ನೋಡಬೇಕು. ಕ್ಯಾಬಿನ್ ಕಪಾಟಿನಲ್ಲಿ ಜಾಕೆಟ್ ಇದ್ದರೆ ತೊಟ್ಟು, ಬಕಲ್ ಹಾಕಿ, ಪಟ್ಟಿ ಎಳೆದು, ಒಂದು ಸಲ ಕೂತು ಎದ್ದು ಪರೀಕ್ಷಿಸಿ. ಕ್ಯಾಬಿನ್‌ನಲ್ಲಿ ಇಲ್ಲದಿದ್ದರೆ ಡ್ರಿಲ್ ಜಾಗದಲ್ಲೇ ಸಿಬ್ಬಂದಿಗೆ ಎದೆ ಸುತ್ತಳತೆ ಹೇಳಿ ಕೇಳಿ. ಬಕಲ್ ತಾಗಲಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ, ಹಡಗು ಬಂದರು ಬಿಡುವ ಮುಂಚೆಯೇ ದೊಡ್ಡದು ಕೈಗೆ ಬರಬೇಕು.

ಲೈಫ್‌ಬೋಟ್ ಲೆಕ್ಕವೂ ತಿಳಿದಿರಲಿ. ಪ್ರಯಾಣಿಕರ ಹಡಗಿನ ಲೈಫ್‌ಬೋಟಿನಲ್ಲಿ ತಲೆಗೆ ಸರಾಸರಿ 75 ಕೆಜಿ, ಕೂರೋಕೆ 43 ಸೆಂ.ಮೀ. ಅಗಲ ಅಂತ ಹಿಡಿದಿರುತ್ತಾರೆ. ಹೆದರಬೇಡಿ, ಅದು ಸರಾಸರಿ, ದೋಣಿಯಲ್ಲಿ ಮಕ್ಕಳೂ ಇರುತ್ತಾರೆ, ತೆಳ್ಳಗಿನವರೂ ಇರುತ್ತಾರೆ.

ಆಟ, ಸ್ಪಾ, ದಡದ ತಿರುಗಾಟ

ತೂಕದ ಮಿತಿ ಇಲ್ಲಿ ಕಟ್ಟುನಿಟ್ಟು. ಆಂಥೆಮ್, ಓವೇಶನ್‌ಗಳಲ್ಲಿ ಗಾಳಿಯ ಕೊಳವೆಯೊಳಗೆ ತೇಲಿಸುವ ಐಫ್ಲೈ ಇದೆ. ಅದಕ್ಕೂ ಜಿಪ್‌ಲೈನಿನಂಥವಕ್ಕೂ ತೂಕದ ಮಿತಿ ಇರುತ್ತದೆ, ಬುಕ್ ಮಾಡುವ ಪುಟದಲ್ಲೇ ಬರೆದಿರುತ್ತಾರೆ. ದುಡ್ಡು ಕಟ್ಟುವ ಮೊದಲು ಓದಿ, ಸಾಲಿನಲ್ಲಿ ನಿಂತ ಮೇಲೆ ತಿರುಗಿ ಬರೋದು ಯಾರಿಗೆ ಬೇಕು. ಮಸಾಜ್ ಮಂಚಕ್ಕೂ ಮಿತಿ ಇರುತ್ತದೆ, ಅದನ್ನು ಫೋನಿನಲ್ಲೇ ಕೇಳಿ. ಈಜುಕೊಳಕ್ಕೆ ಕಬ್ಬಿಣದ ಏಣಿ ಮಾತ್ರ ಇದೆಯೋ ಮೆಟ್ಟಿಲೂ ಇದೆಯೋ ನೋಡಿ. ಇಳಿಯೋದು ಸುಲಭ, ಹತ್ತೋದು ಕಷ್ಟ.

ಇನ್ನು ಟೆಂಡರ್. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಬರಲ್ಲ, ದೂರದಲ್ಲಿ ನಿಂತು ಚಿಕ್ಕ ದೋಣಿಗಳಲ್ಲಿ ಜನರನ್ನು ಕಳಿಸುತ್ತಾರೆ. ದೋಣಿ ಏಳುತ್ತಾ ಬೀಳುತ್ತಾ ಇರುವಾಗ ಕಾಲಿಡಬೇಕು. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ, ಚಪ್ಪಲಿ ಜಾರುವಂಥದ್ದು ಬೇಡ. ಸಿಬ್ಬಂದಿ ನಿಮ್ಮ ಕೈ ಬೆರಳು ಹಿಡಿಯೋದಲ್ಲ, ಮುಂಗೈ ಹಿಡಿಯಬೇಕು, ನೀವೂ ಅವರ ಮುಂಗೈ ಹಿಡಿಯಿರಿ. ದೋಣಿ ಮೇಲಕ್ಕೆ ಬಂದಾಗ, ಅವರು ಈಗ ಅಂದಾಗ, ಒಂದೇ ಹೆಜ್ಜೆ. ಮಂಡಿ ಬಲ ಸಾಲದು ಅನ್ನಿಸಿದರೆ ಆ ದಿನ ಹಡಗಿನಲ್ಲೇ ಉಳಿಯಿರಿ, ನಷ್ಟವೇನಿಲ್ಲ. ಜನರೆಲ್ಲಾ ಇಳಿದುಹೋದ ಹಡಗಿನಲ್ಲಿ ಈಜುಕೊಳ, ಒಳ್ಳೆ ಕುರ್ಚಿ, ಲಿಫ್ಟು ಎಲ್ಲಾ ನಿಮ್ಮದೇ. ಇಳಿಯಲೇಬೇಕು ಅನ್ನುವವರು ಗೋವಾ, ಕೊಚ್ಚಿಯಂಥ, ಹಡಗು ನೇರ ದಕ್ಕೆಗೆ ನಿಲ್ಲುವ ಊರುಗಳಿರುವ ಟ್ರಿಪ್ಪನ್ನೇ ಆರಿಸಿ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕ್ಯಾಬಿನ್ ಹೊರಗೆ ಇಡೋಕೆ ಹೇಳುತ್ತಾರೆ, ಅವು ಮತ್ತೆ ಸಿಗೋದು ದಡದಲ್ಲೇ. ಮರುದಿನದ ಅಂಗಿ ಪ್ಯಾಂಟು, ಒಳಬಟ್ಟೆ ತೆಗೆದಿಟ್ಟುಕೊಂಡು ಪೆಟ್ಟಿಗೆ ಹೊರಗಿಡಿ. ಹಡಗಿನ ಅಂಗಡಿಯಲ್ಲಿ ವಾಚು, ಸೆಂಟು, ಚಾಕೊಲೇಟು ಎಲ್ಲಾ ಸಿಗುತ್ತದೆ, ನಮ್ಮ ಸೈಜಿನ ಪ್ಯಾಂಟು ಸಿಗುತ್ತದೆ ಅಂತ ನಂಬಬೇಡಿ.