ಸ್ಟ್ರೀಮ್ ಓದು ಕೈಕೊಟ್ಟಾಗ: ನನ್ನ ಅನುಭವ

ಸೆನ್ಸರ್ ಬರೆದಿಟ್ಟ ತಾಪಮಾನಗಳನ್ನು ಓದಿ ಸರಾಸರಿ ಕೊಡುವ ಸಿ++ ಪ್ರೋಗ್ರಾಂ ಬರೆದಿದ್ದೆ. ರಾತ್ರಿ ಶುರು ಮಾಡಿದ್ದು ಬೆಳಗಾದರೂ ಮುಗಿದಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಕಡತದ ನಡುವೆ, ಸಂಖ್ಯೆ ಇರಬೇಕಾದ ಕಡೆ ಕೂತಿದ್ದ ಒಂದು ಪ್ರಶ್ನಾರ್ಥಕ ಚಿಹ್ನೆ.

ಕಡತ ಮುಗಿಯುವವರೆಗೂ ಓದು ಎಂದು ಲೂಪ್ ಹಾಕಿದ್ದೆ. ಆ ಚಿಹ್ನೆ ಎದುರಾದಾಗ ಸ್ಟ್ರೀಮ್‌ನಲ್ಲಿ (ಕಡತದ ಅಕ್ಷರಗಳನ್ನು ಪ್ರೋಗ್ರಾಂಗೆ ತಲುಪಿಸುವ ದಾರಿ) ಫೇಲ್‌ಬಿಟ್, ಅಂದರೆ ಓದು ಸೋತಿತೆಂಬ ಗುರುತು, ಏಳುತ್ತದೆ. ಚಿಹ್ನೆ ಬಫರಿನಲ್ಲೇ, ಅಂದರೆ ಓದಲು ಕಾದಿರುವ ಅಕ್ಷರಗಳ ಸಾಲಿನಲ್ಲೇ, ಉಳಿಯುತ್ತದೆ. ಫೇಲ್‌ಬಿಟ್ ಇಳಿಯದೆ ಮುಂದಿನ ಓದಿಲ್ಲ, ಓದದೆ ಕಡತ ಮುಗಿಯುವುದಿಲ್ಲ. ಸಾಲದ್ದಕ್ಕೆ, ಸಿ++11ರಿಂದೀಚೆಗೆ (ಭಾಷೆಯ 2011ರ ಆವೃತ್ತಿ) ಹೀಗೆ ಸೋತ ಓದು ವೇರಿಯಬಲ್‌ನಲ್ಲಿ 0 ಇಟ್ಟು ಹೋಗುತ್ತದೆ. ತಾಪಮಾನದ ಲೆಕ್ಕದಲ್ಲಿ 0 ನಿಜವಾದ ಅಳತೆಯೂ ಆಗಬಹುದಲ್ಲ!

ಮೊದಲ ರಿಪೇರಿಯಲ್ಲಿ ಓದುವ ಕ್ರಿಯೆಯನ್ನೇ ಲೂಪಿನ ಷರತ್ತು ಮಾಡಿದೆ. ಪ್ರೋಗ್ರಾಂ ಚಕಚಕನೆ ಮುಗಿಯಿತು. ಆದರೆ ಚಿಹ್ನೆ ಸಿಕ್ಕಲ್ಲೇ ನಿಂತು, ಅಲ್ಲಿಯವರೆಗಿನ ಸರಾಸರಿಯನ್ನೇ ಪೂರ್ತಿ ಉತ್ತರ ಎಂಬಂತೆ ಕೊಟ್ಟಿತ್ತು. ನನಗೆ ಇದು ಮೊದಲಿನದ್ದಕ್ಕಿಂತ ಅಪಾಯಕಾರಿ ಅನ್ನಿಸಿತು. ಸಿಕ್ಕಿಹಾಕಿಕೊಂಡ ಪ್ರೋಗ್ರಾಂ ಕಣ್ಣಿಗೆ ಬೀಳುತ್ತದೆ, ತಪ್ಪು ಸರಾಸರಿ ಬೀಳುವುದಿಲ್ಲ.

ಆಮೇಲೆ ಕ್ಲಿಯರ್ (ಸೋತ ಗುರುತನ್ನು ಇಳಿಸುವ ಆದೇಶ) ಮತ್ತು ಇಗ್ನೋರ್ (ಬೇಡದ ಅಕ್ಷರಗಳನ್ನು ದಾಟಿಸುವ ಆದೇಶ) ಬಳಸಿ ನೋಡಿದೆ. ಕ್ಲಿಯರ್ ಮೊದಲು ಬರಬೇಕು. ಸೋತ ಸ್ಥಿತಿಯಲ್ಲಿರುವ ಸ್ಟ್ರೀಮ್‌ನಲ್ಲಿ ಇಗ್ನೋರ್ ಏನನ್ನೂ ದಾಟಿಸುವುದಿಲ್ಲ. ಇದು ಕೆಲಸ ಮಾಡಿತು, ಆದರೆ ಯಾವ ಸಾಲು ಕೆಟ್ಟಿತ್ತೆಂದು ಹೇಳಲು ಆಗುತ್ತಿರಲಿಲ್ಲ.

ಕೊನೆಗೆ ಎರಡೂ ಕೆಲಸ ಬೇರೆ ಮಾಡಿದೆ. ಗೆಟ್‌ಲೈನ್‌ನಿಂದ ಒಂದು ಸಾಲು ಪಡೆಯುವುದು, ಆ ಸಾಲಿಗೇ ಪುಟ್ಟ ಸ್ಟ್ರಿಂಗ್ ಸ್ಟ್ರೀಮ್ ಕಟ್ಟಿ ಅದರಿಂದ ಸಂಖ್ಯೆ ತೆಗೆಯುವುದು. ಸಂಖ್ಯೆ ಸೋತರೆ ಆ ಸಾಲಿಗಷ್ಟೇ ಪೆಟ್ಟು, ಮೂಲ ಸ್ಟ್ರೀಮ್ ಗಟ್ಟಿಯಾಗಿಯೇ ಇರುತ್ತದೆ. ಸಂಖ್ಯೆ ಬಂದ ಮೇಲೂ ಸಾಲಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ '12?5' ಎಂಬುದು 12 ಆಗಿ ಒಳಗೆ ನುಸುಳುತ್ತದೆ. ಕೆಟ್ಟದ್ದು ಎಷ್ಟನೇ ಸಾಲು ಎಂಬುದು ಲಾಗ್‌ಗೆ ಹೋಗುತ್ತದೆ, ಸರಾಸರಿಯ ಪಕ್ಕದಲ್ಲೇ ಎಷ್ಟು ಸಾಲು ಬಿಟ್ಟೆ ಎಂಬ ಲೆಕ್ಕವೂ ಅಚ್ಚಾಗುತ್ತದೆ.

ಲೂಪ್ ಮುಗಿದ ಮೇಲಿನ ಪ್ರಶ್ನೆಯನ್ನು ನಾನು ಬಹಳ ದಿನ ಕೇಳಿಕೊಂಡೇ ಇರಲಿಲ್ಲ: ಯಾಕೆ ಮುಗಿಯಿತು? ಇಒಎಫ್‌ಬಿಟ್ ಎದ್ದಿದ್ದರೆ ಕಡತ ಮುಗಿದಿದೆ. ಬ್ಯಾಡ್‌ಬಿಟ್ ಎದ್ದಿದ್ದರೆ ಡಿಸ್ಕೋ ನೆಟ್‌ವರ್ಕೋ ನಡುವೆ ಕೈಬಿಟ್ಟಿದೆ. ಆಗ ಕ್ಲಿಯರ್ ಮಾಡಿ ಮುಂದುವರಿಯುವುದಿಲ್ಲ. ಸರಾಸರಿಯನ್ನೇ ಕೊಡದೆ ದೋಷ ತಿಳಿಸಿ ಪ್ರೋಗ್ರಾಂ ಹೊರಬರುತ್ತದೆ.