ಅರಮನೆ ನೋಡುವ ಕ್ರಮ: ಮೊದಲು ಕಿಟಕಿ, ಆಮೇಲೆ ಕುರ್ಚಿ

ಬೆಂಗಳೂರು ಅರಮನೆಗೆ ಟಿಕೆಟ್ ಕೊಂಡು ಒಳಗೆ ಹೋಗಿ, ಅರ್ಧ ಗಂಟೆಯಲ್ಲಿ ಹೊರಬಂದು ‘ಇಷ್ಟೇನಾ?’ ಎನ್ನುವವರು ಕಡಿಮೆಯಿಲ್ಲ. ವಸ್ತುಸಂಗ್ರಹಾಲಯ ಅಂದರೆ ಗಾಜಿನ ಪೆಟ್ಟಿಗೆ, ಪಕ್ಕದಲ್ಲೊಂದು ಚೀಟಿ, ಚೀಟಿಯಲ್ಲಿ ಹೆಸರು, ಇಸವಿ ಎಂದು ನಮಗೆ ಅಭ್ಯಾಸವಾಗಿದೆ. ಖಾಸಗಿ ಒಡೆತನದ ಹಳೆಯ ಮನೆಯೇ ಸಂಗ್ರಹಾಲಯವಾದ ಕಡೆ ಚೀಟಿಗಳು ಕಡಿಮೆ. ಅಲ್ಲಿ ನೋಡಬೇಕಾದ ಅತಿ ದೊಡ್ಡ ವಸ್ತು ಮನೆಯೇ. ಅದಕ್ಕೆ ಯಾರೂ ಚೀಟಿ ಅಂಟಿಸಿರುವುದಿಲ್ಲ.

ಹಾಗಾಗಿ ನೋಡುವ ಕ್ರಮ ಬದಲಾಗಬೇಕು. ಕೋಣೆಗೆ ಕಾಲಿಟ್ಟ ಕೂಡಲೇ ಸಾಮಾನಿನ ಕಡೆ ಧಾವಿಸಬೇಡಿ. ಬೆಳಕು ಎಲ್ಲಿಂದ ಬರುತ್ತಿದೆ ಎಂಬುದು ಮೊದಲು, ಆಮೇಲೆ ನೆಲ, ಚಾವಣಿ, ಕೊನೆಗೆ ಮೇಜು ಕುರ್ಚಿ ಮತ್ತು ಚಿತ್ರಗಳು. ಈ ಕ್ರಮವನ್ನು ಇಲ್ಲಿ ಬೆಂಗಳೂರು ಅರಮನೆಯನ್ನೇ ಇಟ್ಟುಕೊಂಡು ವಿವರಿಸಿದ್ದೇವೆ. ಬೇರೆ ಯಾವ ಹಳೆಯ ಬಂಗಲೆಗಾದರೂ ಇದು ಹೊಂದುತ್ತದೆ.

ಯಾವಾಗ, ಯಾವ ದಾರಿಯಲ್ಲಿ

ವಾರದ ನಡುವಿನ ದಿನ, ಬೆಳಗ್ಗೆ 10ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಎರಡು ಗಂಟೆ ಇಟ್ಟುಕೊಳ್ಳಿ. ನಡುಮಧ್ಯಾಹ್ನ ಬೇಡ. ಸೂರ್ಯ ನೆತ್ತಿಯ ಮೇಲಿದ್ದಾಗ ಕಿಟಕಿಯಿಂದ ಓರೆ ಬೆಳಕು ಬೀಳುವುದಿಲ್ಲ, ಬಣ್ಣದ ಗಾಜೂ ಮಂಕು, ಮರದ ಕೆತ್ತನೆಯೂ ಮಂಕು.

ಆಟೊ ಹತ್ತುವಾಗ ‘ಪ್ಯಾಲೇಸ್ ಗ್ರೌಂಡ್ಸ್’ ಎನ್ನಬೇಡಿ. ಮೈದಾನ ನಾನೂರು ಎಕರೆಗೂ ಮಿಗಿಲು. ಮೇಖ್ರಿ ಸರ್ಕಲ್ ಮತ್ತು ಜಯಮಹಲ್ ರಸ್ತೆ ಕಡೆಯ ಗೇಟುಗಳೆಲ್ಲ ಮದುವೆ, ವಸ್ತುಪ್ರದರ್ಶನ, ಸಂಗೀತ ಕಾರ್ಯಕ್ರಮಗಳಿಗೆ. ‘ವಸಂತನಗರದ ಕಡೆಯಿಂದ ಅರಮನೆ’ ಎಂದೇ ಹೇಳಿ. ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ ಇದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಂಡರೆ ಒಳ್ಳೆಯದು. ಇದ್ದರೆ ಬಳ್ಳಾರಿ ರಸ್ತೆಯಲ್ಲಿ ಕಳೆಯುವ ಹೊತ್ತು ಅರಮನೆಯಲ್ಲಿ ಕಳೆಯುವ ಹೊತ್ತಿಗಿಂತ ಹೆಚ್ಚಾದೀತು. ರೈಲಿನಲ್ಲಿ ಬರುವವರಿಗೆ ದಂಡು ನಿಲ್ದಾಣ ಹತ್ತಿರ.

ಕ್ಯಾಮೆರಾಗೆ ಬೇರೆ ಶುಲ್ಕವಿರುತ್ತದೆ, ಮೊಬೈಲಿಗೂ ಇದೆಯೇ ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ. ಆಡಿಯೊ ಗೈಡ್ ತೆಗೆದುಕೊಳ್ಳಿ, ಆದರೆ ಅದರ ವೇಗಕ್ಕೆ ನಡೆಯಬೇಡಿ. ಪ್ರತಿ ಕೋಣೆಯಲ್ಲೂ ಮೊದಲು ಕಣ್ಣಾಡಿಸಿ ಆಮೇಲೆ ಗುಂಡಿ ಒತ್ತಿ. ಕಿವಿಗೆ ಮಾತು ಬಿದ್ದಮೇಲೆ ಕಣ್ಣು ಅದು ಹೇಳಿದ್ದನ್ನಷ್ಟೇ ಹುಡುಕುತ್ತದೆ. ಜೊತೆಗೊಂದು ಚಿಕ್ಕ ಬೈನಾಕ್ಯುಲರ್ ಇದ್ದರೆ ಚಾವಣಿ ಕೈಗೆಟುಕಿದ ಹಾಗೆ. ಮೊಣಕಾಲು ನೋವಿನ ಹಿರಿಯರನ್ನು ಕರೆದೊಯ್ಯುವವರು ಗಮನಿಸಿ: ದರ್ಬಾರ್ ಹಾಲ್ ಇರುವುದು ಮಹಡಿಯಲ್ಲಿ, ಮೆಟ್ಟಿಲು ಹತ್ತಲೇಬೇಕು.

ಹೊರಗಡೆ ಹತ್ತು ನಿಮಿಷ

ಒಳಗೆ ನುಗ್ಗುವ ಮೊದಲು ಎದುರಿನ ಅಂಗಳದಲ್ಲಿ ನಿಂತು ಗೋಡೆಯ ಮೇಲಂಚು ನೋಡಿ. ಕೋಟೆಯ ತೆನೆಗಳು, ಮೂಲೆಗಳಲ್ಲಿ ಗೋಪುರಗಳು. ಇದು ಟ್ಯೂಡರ್ ರಿವೈವಲ್, ಅಂದರೆ ಹದಿನಾರನೇ ಶತಮಾನದ ಇಂಗ್ಲಿಷ್ ಕಟ್ಟಡಗಳನ್ನು ಅನುಕರಿಸಿದ ಶೈಲಿ. ಬಾಣ ಬಿಡುವವರು ಯಾರೂ ಇಲ್ಲದ ಕಾಲದಲ್ಲಿ ಕಟ್ಟಿದ ಕೋಟೆ, ಅಂದರೆ ಪೂರ್ತಿ ಅಲಂಕಾರ. ‘ಇಂಗ್ಲೆಂಡಿನ ವಿಂಡ್ಸರ್ ಕೋಟೆ ನೋಡಿ ಮೆಚ್ಚಿ ಮಹಾರಾಜರು ಕಟ್ಟಿಸಿದರು’ ಎಂಬ ಮಾತು ಪ್ರತಿ ಗೈಡಿನ ಬಾಯಲ್ಲೂ ಇದೆ. ಇಸವಿ ಜೋಡಿಸಿ ನೋಡಿದರೆ ಅದು ಅಷ್ಟು ಸರಳವಲ್ಲ. ಸೆಂಟ್ರಲ್ ಕಾಲೇಜಿನ ಮೊದಲ ಪ್ರಾಂಶುಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ ಅವರಿಂದ ಈ ಆಸ್ತಿಯನ್ನು ಕೊಂಡದ್ದು 1873ರಲ್ಲಿ, 40,000 ರೂಪಾಯಿಗೆ. ಆಗ ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ ಹತ್ತು ವರ್ಷದ ಬಾಲಕ. ಕಟ್ಟಡದ ಕೆಲಸ 1874ರಲ್ಲಿ ಶುರುವಾಗಿ 1878ಕ್ಕೆ ಮುಗಿಯಿತು. ರಾಜ್ಯಭಾರ ಅವರ ಕೈಗೆ ಬಂದದ್ದು 1881ರಲ್ಲಿ. ಹಾಗಾಗಿ ಈ ತೆನೆ, ಗೋಪುರಗಳಲ್ಲಿ ಕಾಣುವುದು ಮಹಾರಾಜರ ಅಭಿರುಚಿಗಿಂತ ಹೆಚ್ಚಾಗಿ ಅವರನ್ನು ಬೆಳೆಸಲು ನೇಮಕವಾಗಿದ್ದ ಬ್ರಿಟಿಷ್ ಪಾಲಕರದು ಎಂದುಕೊಂಡರೆ ಒಳಗಿನ ಎಷ್ಟೋ ಸಂಗತಿ ತಾನಾಗಿ ಅರ್ಥವಾಗುತ್ತದೆ.

ಬಣ್ಣದ ಗಾಜು

ಮಹಡಿಯ ದರ್ಬಾರ್ ಹಾಲಿನ ಒಂದು ಪಕ್ಕದ ಗೋಥಿಕ್ (ಮೊನಚು ಕಮಾನಿನ) ಕಿಟಕಿಗಳಿಗೆ ಬಣ್ಣದ ಗಾಜಿದೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಸ್ಟೇನ್ಡ್ ಗ್ಲಾಸ್ ಕೆಲಸದಲ್ಲಿ ಬಣ್ಣ ಬಹುಪಾಲು ಗಾಜಿನೊಳಗೇ ಬೆರೆತಿರುತ್ತದೆ. ಸಣ್ಣ ಗೆರೆ, ನೆರಳುಗಳನ್ನು ಮೇಲೆ ಬರೆದು ಕುಲುಮೆಯಲ್ಲಿ ಸುಡುತ್ತಾರೆ. ತುಂಡುಗಳನ್ನು ಸೀಸದ ಪಟ್ಟಿಗಳು ಹಿಡಿದಿರುತ್ತವೆ. ಸೀಸ ಮೆದು ಲೋಹ. ನೂರು ವರ್ಷದ ಬಿಸಿಲಿಗೆ ಹಿಗ್ಗಿ ಕುಗ್ಗಿ, ತನ್ನದೇ ಭಾರಕ್ಕೆ ಜಗ್ಗಿ, ಫಲಕ ಹೊಟ್ಟೆ ಬಿಟ್ಟಂತೆ ಉಬ್ಬುತ್ತದೆ. ಎಂಥ ಹಳೆಯ ಕಿಟಕಿಯಾದರೂ ಸರಿ, ಎದುರು ನಿಲ್ಲದೆ ಗೋಡೆಗೆ ಒತ್ತಿ ಪಕ್ಕದಿಂದ ನೋಡಿ, ಉಬ್ಬು ಇದ್ದರೆ ಗೊತ್ತಾಗುತ್ತದೆ. ಒಡೆದು ಬದಲಾಯಿಸಿದ ತುಂಡನ್ನು ಪತ್ತೆ ಹಚ್ಚುವುದೂ ಸುಲಭ. ಹಳೆ ಗಾಜಿನಲ್ಲಿ ಸಣ್ಣ ಗುಳ್ಳೆ, ಅಲೆ, ಬಣ್ಣದ ಏರಿಳಿತ ಇರುತ್ತವೆ. ಹೊಸದು ಚಪ್ಪಟೆ, ಉದ್ದಕ್ಕೂ ಒಂದೇ ಬಣ್ಣ.

ಇದೇ ಹಾಲಿನ ಒಂದು ತುದಿಯಲ್ಲಿ ಹೆಂಗಸರು ಮರೆಯಲ್ಲಿ ಕುಳಿತು ದರ್ಬಾರು ನೋಡಲು ಮಾಡಿದ ತಡಿಕೆಯಿದೆ. ಸಾಧ್ಯವಿದ್ದರೆ ಎರಡೂ ಕಡೆಯಿಂದ ನೋಡಿ. ಬೆಳಕಿರುವ ಕಡೆಯಿಂದ ನೋಡಿದರೆ ತಡಿಕೆಯ ವಿನ್ಯಾಸ ಕಾಣುತ್ತದೆ, ಕತ್ತಲ ಕಡೆಯಿಂದ ನೋಡಿದರೆ ಆಚೆಯ ಹಾಲು ಕಾಣುತ್ತದೆ.

ನೆಲ, ಚಾವಣಿ

ಕೆಳಗಿನ ಒಳಾಂಗಣದಲ್ಲಿ ಗ್ರಾನೈಟ್ ಆಸನಗಳಿಗೆ ಕಣ್ಣು ಕುಕ್ಕುವ ನೀಲಿ ಸೆರಾಮಿಕ್ ಹೆಂಚು ಹೊದಿಸಿದ್ದಾರೆ. ಹಳೆಯ ಹೆಂಚಿನ ಮೆರುಗನ್ನು ಬಗ್ಗಿ ನೋಡಿ, ಕೂದಲೆಳೆಯ ಬಿರುಕುಗಳ ಬಲೆ ಇದೆಯೇ? ಅದು ಒಡಕಲ್ಲ. ಒಳಗಿನ ಮಣ್ಣೂ ಮೇಲಿನ ಮೆರುಗೂ ಕುಗ್ಗುವ ಪ್ರಮಾಣ ಬೇರೆ ಬೇರೆಯಾದಾಗ ಮೆರುಗು ಸೀಳುತ್ತದೆ. ಬಲೆಯೇ ಇಲ್ಲದ, ಬಣ್ಣ ತುಸು ಬೇರೆಯಾದ ಹೆಂಚು ನಡುವೆ ಸಿಕ್ಕರೆ ಅದು ಬಹುಶಃ ತೇಪೆ. ನೆಲದ ಹೆಂಚಿಗೆ ಬೇರೆ ಪರೀಕ್ಷೆ: ಹೆಚ್ಚು ಕಾಲು ತುಳಿಯುವ ಹೊಸ್ತಿಲ ಹತ್ತಿರ ನೋಡಿ. ಸವೆದರೂ ಚಿತ್ತಾರ ಉಳಿದಿದ್ದರೆ ಬಣ್ಣ ಒಳಗಿನವರೆಗೆ ಇಳಿದಿದೆ, ಅಳಿಸಿಹೋಗಿದ್ದರೆ ಅದು ಮೇಲ್ಮೈಯ ಅಚ್ಚು ಮಾತ್ರ.

ಚಾವಣಿಯ ಗಾರೆ ಹೂಬಳ್ಳಿಗಳಲ್ಲಿ ಒಂದು ಹೂವನ್ನು ಗುರುತಿಟ್ಟುಕೊಂಡು ಸಾಲಿನಲ್ಲಿ ಮುಂದಿನ ಹೂವುಗಳಿಗೆ ಹೋಲಿಸಿ. ಒಂದರ ಎಸಳಿನ ಊನವೇ ಎಲ್ಲದರಲ್ಲೂ ಮರುಕಳಿಸಿದರೆ ಅಚ್ಚಿನಲ್ಲಿ ಎರಕ ಹೊಯ್ದದ್ದು, ಪ್ರತಿಯೊಂದೂ ಬೇರೆಯಾದರೆ ಕೈಯ ಕೆಲಸ. ಮೂಲೆಗಳಲ್ಲಿ ಬಿಳಿ ಉಪ್ಪಿನಂಥ ಪುಡಿ ಕಂಡರೆ ನೀರು ಇಳಿದಿದೆ ಎಂದರ್ಥ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಅದಕ್ಕೆ ಸಿಮೆಂಟಿನ ತೇಪೆ ಹಾಕಿದರೆ ತೇವ ದಾರಿ ಸಿಗದೆ ತೇಪೆಯ ಅಂಚಿಗೆ ಸರಿದು ಅಲ್ಲಿ ಉಪ್ಪು ಕಕ್ಕುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳಲ್ಲಿ ‘ಎಷ್ಟು ಸಲ ಪ್ಲಾಸ್ಟರ್ ಮಾಡಿಸಿದರೂ ಉದುರುತ್ತೆ’ ಎನ್ನುವ ಗೋಡೆಗಳ ಕಾಯಿಲೆಯೂ ಎಷ್ಟೋ ಸಲ ಇದೇ.

ಮರದ ಸಾಮಾನು

ಇಲ್ಲಿನ ಪೀಠೋಪಕರಣಗಳು ನಿಯೋಕ್ಲಾಸಿಕಲ್, ವಿಕ್ಟೋರಿಯನ್, ಎಡ್ವರ್ಡಿಯನ್ ಶೈಲಿಯವು. ಶೈಲಿಯ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಮರ ಓದುವುದನ್ನು ಕಲಿತರೆ ಲಾಭ ಹೆಚ್ಚು. ಬೀಟೆ ಕಡುಗಂದು, ಅದರೊಳಗೆ ನೇರಳೆ-ಕಪ್ಪು ಗೆರೆಗಳು. ತೇಗ ಹೊನ್ನಿನ ಛಾಯೆಯ ಕಂದು, ಗೆರೆ ನೇರ. ಕಪ್ಪು ಪಾಲಿಶ್ ಬಳಿದ ತೇಗ ದೂರಕ್ಕೆ ಬೀಟೆಯಂತೆಯೇ ಕಾಣುತ್ತದೆ. ಕೈಯಿಡುವ ತೋಳಿನ ತುದಿ, ಕಾಲಿನ ಕೆಳಭಾಗದಂಥ ಸವೆದ ಜಾಗದಲ್ಲಿ ಬಣ್ಣ ಬಿಳಚಿದ್ದರೆ ಗುಟ್ಟು ರಟ್ಟು. ಮರ ಇಡಿಯೋ, ಮೇಲೆ ಅಂಟಿಸಿದ ತೆಳು ಪದರವೋ ಎಂದು ತಿಳಿಯಲು ಮೇಜಿನ ಅಂಚು ನೋಡಿ: ಮೇಲಿನ ಗೆರೆಗಳು ಅಂಚಿನಲ್ಲಿ ಮುಂದುವರಿದು ಇಳಿದರೆ ಇಡಿ ಮರ, ಅಂಚಿನಲ್ಲೇ ಕಡಿದುಹೋದರೆ ಪದರ. ಅರೆ ತೆರೆದ ಡ್ರಾಯರ್ ಕಂಡರೆ ಅದೃಷ್ಟ. ಮೂಲೆಯ ಕೀಲುಗಳು ಒಂದಕ್ಕೊಂದು ತುಸು ಹೆಚ್ಚುಕಮ್ಮಿ ಇದ್ದರೆ ಬಡಗಿ ಕೈಯಲ್ಲಿ ಕೊಯ್ದದ್ದು, ಎಲ್ಲ ಒಂದೇ ಅಳತೆಯಾದರೆ ಯಂತ್ರದ್ದು.

ಇದೆಲ್ಲ ಕಾಣಬೇಕಾದರೆ ನಿಲ್ಲುವ ಜಾಗ ಮುಖ್ಯ. ವಸ್ತುವಿನ ಎದುರಿಗೆ ನಿಂತರೆ ಪಾಲಿಶಿನ ಹೊಳಪೇ ಕಣ್ಣು ತುಂಬುತ್ತದೆ. ಕಿಟಕಿಯನ್ನು ವಸ್ತುವಿನ ಆಚೆ ಬದಿಗೆ ಇಟ್ಟುಕೊಂಡು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ತುಸು ಬಗ್ಗಿ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಬರುವಂತಾದಾಗ ಉಳಿಯ ಏಟು, ಪದರ ಎದ್ದ ಜಾಗ, ಬೇರೆ ಮರದ ತೇಪೆ ಎಲ್ಲವೂ ಎದ್ದು ಕಾಣುತ್ತವೆ.

ಕೆತ್ತಿದ ಮರದೊಳಗೆ ಬಿಳಿ ತುಂಡು ಕೂರಿಸಿದ್ದರೆ (ಇದೇ ಇನ್‌ಲೇ) ಅದು ದಂತವೋ, ಮೂಳೆಯೋ, ಪ್ಲಾಸ್ಟಿಕ್ಕೋ ಎಂಬ ಪ್ರಶ್ನೆ ಬರುತ್ತದೆ. ಮೈಸೂರಿನ ಬೀಟೆ ಇನ್‌ಲೇ ಕೆಲಸದಲ್ಲಿ ಹಿಂದೆ ದಂತ ಬಳಸುತ್ತಿದ್ದರು. ವನ್ಯಜೀವಿ ಕಾಯ್ದೆ ಬಿಗಿಯಾಗಿ ದಂತದ ವ್ಯಾಪಾರ ನಿಷೇಧವಾದ ಮೇಲೆ ಪ್ಲಾಸ್ಟಿಕ್ಕೂ ಬಣ್ಣದ ಮರಗಳೂ ಅದರ ಜಾಗಕ್ಕೆ ಬಂದವು. ದಂತವನ್ನು ಅಡ್ಡಕ್ಕೆ ಕೊಯ್ದ ಜಾಗದಲ್ಲಿ ಒಂದನ್ನೊಂದು ಹಾಯುವ ಬಾಗಿದ ಸಣ್ಣ ಗೆರೆಗಳ ಜಾಲವಿರುತ್ತದೆ. ಮೂಳೆಯಲ್ಲಿ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳು. ಪ್ಲಾಸ್ಟಿಕ್ಕಿನಲ್ಲಿ ಎರಡೂ ಇಲ್ಲ.

ಆನೆಯ ತಲೆ, ಆನೆಯ ಕಾಲಿನಿಂದ ಮಾಡಿದ ಪೀಠಗಳ ಎದುರು ಮಕ್ಕಳು ಗಕ್ಕನೆ ನಿಲ್ಲುತ್ತಾರೆ, ಕೆಲವರು ಅಳುತ್ತಾರೆ ಕೂಡ. ಮೊದಲೇ ಹೇಳಿ ಕರೆದೊಯ್ಯಿರಿ. ಬೇಟೆ ಗೌರವವೆನಿಸಿದ್ದ ಕಾಲದ ಸಾಕ್ಷ್ಯ ಅವು. ಅಂದವಾಗಿವೆ ಎಂದು ಒಪ್ಪಬೇಕಾಗಿಲ್ಲ.

ತೈಲಚಿತ್ರವೋ ಅಚ್ಚೋ

ಅರಮನೆಯ ಚಿತ್ರಗಳಲ್ಲಿ ರಾಜಾ ರವಿವರ್ಮನ ಕೃತಿಗಳೂ ಇವೆ. ರವಿವರ್ಮನ ಹೆಸರು ಹೊತ್ತ ಚಿತ್ರ ಎಲ್ಲೇ ಕಂಡರೂ ಅದು ಕೈಯಲ್ಲಿ ಬರೆದ ತೈಲಚಿತ್ರವೋ, 1894ರಲ್ಲಿ ಮುಂಬೈಯಲ್ಲಿ ಆರಂಭವಾದ ಅವನ ಮುದ್ರಣಾಲಯದ ಓಲಿಯೋಗ್ರಾಫೋ (ತೈಲಚಿತ್ರದಂತೆ ಕಾಣುವ ಬಣ್ಣದ ಅಚ್ಚು) ಎಂದು ನೋಡುವುದು ವಾಡಿಕೆ. ಅಚ್ಚಿನ ಚಿತ್ರದಲ್ಲಿ ಕೆನ್ನೆ, ಆಕಾಶದಂಥ ನಯವಾದ ಭಾಗಗಳು ಹತ್ತಿರದಿಂದ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆಯುತ್ತವೆ, ಕೆಳ ಅಂಚಿನಲ್ಲಿ ಪ್ರೆಸ್ಸಿನ ಹೆಸರೂ ಇರಬಹುದು. ತೈಲಚಿತ್ರದಲ್ಲಿ ಒಡವೆಯ ಹೊಳಪಿಗೆ ಇಟ್ಟ ಬಣ್ಣ ದಪ್ಪವಾಗಿ ಎದ್ದಿರುತ್ತದೆ. ಕ್ಯಾನ್‌ವಾಸಿನ ನೇಯ್ಗೆಯೊಂದನ್ನೇ ನಂಬಬೇಡಿ. ಅಚ್ಚಿನ ಮೇಲೂ ನೇಯ್ಗೆಯಂತೆ ಒತ್ತಿ ವಾರ್ನಿಷ್ ಬಳಿಯುತ್ತಿದ್ದರು.

ಹಳೆಯ ಮನೆಗಳಲ್ಲಿ ಕೆಲವು ಕೋಣೆ ಕತ್ತಲೆ ಎಂದು ಗೊಣಗಬೇಡಿ. ಬಟ್ಟೆ, ಕಾಗದ, ಜಲವರ್ಣಕ್ಕೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ), ತೈಲಚಿತ್ರಕ್ಕೆ 200 ಲಕ್ಸ್ ಬೆಳಕು ಸಾಕು ಎಂಬುದು ಸಂಗ್ರಹಾಲಯಗಳ ಲೆಕ್ಕ. ಬಿಸಿಲಿಗೆ ಬಣ್ಣ ಒಮ್ಮೆ ಹಾರಿದರೆ ಮರಳುವುದಿಲ್ಲ. ಬಾಗಿಲಲ್ಲಿ ಒಂದೆರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಮೊಬೈಲ್ ಟಾರ್ಚ್ ಬೇಡ, ಫ್ಲ್ಯಾಶ್ ಅಂತೂ ಬೇಡ. ವಾರ್ನಿಷ್ ಮೇಲೆ ಬಿಳಿ ಕಲೆ ಬಿಟ್ಟರೆ ಫೋಟೊದಲ್ಲಿ ಏನೂ ಬರುವುದಿಲ್ಲ.

ಕೈ ಹಿಂದಕ್ಕೆ

ಸರಪಳಿ ಕಟ್ಟದ ಕಡೆಯೂ ಮುಟ್ಟಬೇಡಿ. ಬೆವರಿನ ಉಪ್ಪು ಹಿತ್ತಾಳೆಯನ್ನು ಕೊರೆಯುತ್ತದೆ, ಬೆರಳಚ್ಚು ಕೆಲವೇ ದಿನದಲ್ಲಿ ಕಂದು ಕಲೆಯಾಗಿ ಕೂರುತ್ತದೆ. ಹಳೆ ಮರಕ್ಕೆ ಹಚ್ಚುವ ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈ ತಾಗಿದರೆ ಅದರ ಆಲ್ಕೋಹಾಲಿಗೆ ಅರಗು ಮತ್ತೆ ಕರಗಿ ಅಂಟಂಟಾಗುತ್ತದೆ. ನೀರಿನ ಬಾಟಲಿ ಇಟ್ಟರೆ ಬಿಳಿ ಉಂಗುರ. ಬೆನ್ನ ಮೇಲಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಇಕ್ಕಟ್ಟು ಜಾಗದಲ್ಲಿ ತಿರುಗುವಾಗ ಚೌಕಟ್ಟಿನ ಅಂಚು ಮುರಿಯುವುದು ಕೈಯಿಂದಲ್ಲ, ಬ್ಯಾಗಿನಿಂದ.

ಹೊತ್ತು ಉಳಿದರೆ

ಅರಮನೆ ರಸ್ತೆಯಲ್ಲೇ ದಕ್ಷಿಣಕ್ಕೆ ಬಂದರೆ ಮಾಣಿಕ್ಯವೇಲು ಮ್ಯಾನ್ಷನ್. 2009ರಿಂದ ಇದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಸರ್ಕಾರದ್ದು. ಅರಮನೆ ನೋಡಿದ ದಿನವೇ ಇದನ್ನೂ ನೋಡುವುದರಲ್ಲಿ ಒಂದು ಲಾಭವಿದೆ. ಅಲ್ಲಿ ಮನೆಯೂ ಸಾಮಾನೂ ಒಟ್ಟಿಗಿದ್ದವು. ಇಲ್ಲಿ ಮನೆಯ ಸಾಮಾನಿನ ಜಾಗದಲ್ಲಿ ಚಿತ್ರಗಳಿವೆ, ಪ್ರತಿಯೊಂದಕ್ಕೂ ಚೀಟಿಯಿದೆ. ಕಿಟಕಿ, ಕಂಬ, ಮೆಟ್ಟಿಲುಗಳನ್ನು ಅಡ್ಡಿಯಿಲ್ಲದೆ ನೋಡಬಹುದು, ಆದರೆ ಮನೆಯವರು ಎಲ್ಲಿ ಕೂರುತ್ತಿದ್ದರು ಎಂಬುದನ್ನು ನೀವೇ ಊಹಿಸಬೇಕು. ಸೋಮವಾರ ಮತ್ತು ರಾಷ್ಟ್ರೀಯ ರಜೆಗಳಂದು ಬಾಗಿಲು ಹಾಕಿರುತ್ತದೆ, ಹಾಗಾಗಿ ಎರಡನ್ನೂ ಸೇರಿಸಿಕೊಳ್ಳುವವರಿಗೆ ಮಂಗಳವಾರದಿಂದ ಶುಕ್ರವಾರದೊಳಗಿನ ದಿನವೇ ಅನುಕೂಲ. ಮೈಸೂರು ಶೈಲಿಯ ಚಿನ್ನದ ಕೆಲಸದ ಚಿತ್ರಗಳನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಆಟೊ ಹಿಡಿಯಿರಿ. ಅಲ್ಲಿಯೂ ಪಕ್ಕಕ್ಕೆ ಸರಿದೇ ನೋಡಿ, ಚಿನ್ನದ ರೇಕಿನ ಕೆಳಗಿನ ಉಬ್ಬು ತಂಜಾವೂರಿನದಕ್ಕಿಂತ ಎಷ್ಟು ತೆಳು ಎಂದು ಗೊತ್ತಾಗುತ್ತದೆ.